ನಮ್ಮ ಮನೆಯ ಒಂದು ತಿಂಗಳ ಓದು

ಶ್ರಾವಣಮಾಸದಲ್ಲಿ ಮನೆಯವರೆಲ್ಲ ಕೂಡಿ ಕಾವ್ಯವೊಂದನ್ನು ಓದುವ ಪದ್ಧತಿ ಕನ್ನಡಿಗರಲ್ಲಿ ಬಹುಕಾಲದಿಂದ ನಡೆದುಬಂದುದು. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ ಇವು ಅಕ್ಷರ ಬಾರದವರ ನಾಲಗೆಯ ಮೇಲೂ ನಿಂತದ್ದು ಇಂತಹ ವಾಚನದಿಂದಲೇ. ಪೆನುಕೊಂಡೆಯ ನಮ್ಮ ಮನೆಯಲ್ಲಿ ಅದು ನಿಂತುಹೋಗಿ ಇಪ್ಪತ್ತು ವರ್ಷಗಳಾಗಿದ್ದುವು. ಕಳೆದ ಶ್ರಾವಣದಲ್ಲಿ ಪುನಃ ಆರಂಭಿಸಿದೆವು. ಆ ಅನುಭವವನ್ನು, ನನ್ನ ತಪ್ಪೆಣಿಕೆಗಳನ್ನೂ ಕೂಡಿಸಿ, ವಾಚಕರಲ್ಲಿ ನಿವೇದಿಸುತ್ತೇನೆ.

ನನ್ನ ತಾಯಿಯವರಿಗೆ ಈಗ 86 ವರ್ಷ. ಓದುಬರಹ ಕಲಿತವರಲ್ಲ, ಕೇಳಿಯೇ ಕಲಿತವರು. ಕಣ್ಣು ಮಬ್ಬಾಗಿದೆ, ನೆನಪು ಅಲ್ಲಲ್ಲಿ ಹರಿಯುತ್ತಿದೆ. ಒಂದು ಸಂಜೆ ಅವರು ಜೈಮಿನಿಯ ಹಳೆಯ ಪ್ರತಿಯನ್ನು ನನ್ನ ಮೊಮ್ಮಗಳ ಕೈಗಿತ್ತು, “ಚಂದ್ರಹಾಸನ ಕಥೆ ಓದಮ್ಮ, ನಡುವೆ ಮರೆತುಹೋಗಿದೆ” ಎಂದರು. ಏಳನೆಯ ತರಗತಿಯ ಆ ಹುಡುಗಿ ಓದುವುದು ತೆಲುಗು ಶಾಲೆಯಲ್ಲಿ. ಎರಡು ಪುಟ ತಿರುವಿ, “ನನಗೆ ಬರುವುದಿಲ್ಲ ಮುತ್ತಜ್ಜಿ” ಎಂದು ಪುಸ್ತಕವನ್ನು ಕೆಳಗಿಟ್ಟಳು. ಮನೆಯಲ್ಲಿ ಕನ್ನಡವನ್ನಾಡಿದರೆ ಸಾಕೆಂದು ನಂಬಿ ಅಕ್ಷರ ಕಲಿಸದಿದ್ದವನು ನಾನು. ಆ ಮಾತು ನನಗೇ ತಗುಲಿತು.

ಕೂಡಲೇ ಒಂದು ಲೆಕ್ಕ ಹಾಕಿದೆ: ಗ್ರಂಥದಲ್ಲಿ 34 ಸಂಧಿಗಳು, ತಿಂಗಳಿಗೆ 30 ದಿನ, ನಿತ್ಯ ಒಂದು ಸಂಧಿ, ನಾಲ್ಕು ದಿನ ಮಾತ್ರ ಎರಡೆರಡು. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಆದರೆ ಒಂದು ಸಂಧಿಗೆ ಸರಾಸರಿ ಐವತ್ತಕ್ಕೂ ಮಿಕ್ಕಿ ಪದ್ಯಗಳು. ಮೊದಲ ವಾರ ಮುಗಿದಾಗ ಎರಡು ಸಂಧಿಯೂ ಸಾಗಿರಲಿಲ್ಲ, ಮಗು ಬೇಸತ್ತಿದ್ದಳು. ಲೆಕ್ಕವನ್ನು ಕೈಬಿಟ್ಟು, ತಾಯಿಯವರು ಕೇಳಿದ್ದ ಚಂದ್ರಹಾಸನ ಕಥೆಯೊಂದನ್ನೇ ಹಿಡಿದೆವು.

ಕಲಿಕೆಯ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸತಕ್ಕದ್ದಿದೆ. ಕನ್ನಡ ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಗ, ಜ, ಡ, ಬ, ರ, ಲ ಮುಂತಾದುವು ತಲೆಕಟ್ಟಿನ ಭೇದವನ್ನುಳಿದರೆ ಬಹುಮಟ್ಟಿಗೆ ಒಂದೇ ಆಕಾರದವು. ಕ, ತ, ಶ, ಹ ಇವುಗಳ ರೂಪ ಬೇರೆ. ಆದಕಾರಣ ಮಗುವಿಗೆ ಅಕ್ಷರಮಾಲೆಯನ್ನು ಮೊದಲಿನಿಂದ ಕಲಿಸುವ ಅಗತ್ಯ ಬೀಳಲಿಲ್ಲ, ಭಿನ್ನವಾದವನ್ನಷ್ಟೇ ಗುರುತಿಸಿಕೊಟ್ಟೆ. ತಡವರಿಸಿದಾಗ ನೆರವಾದದ್ದು ಷಟ್ಪದಿಯೇ. ಆರು ಸಾಲುಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬುದು ಪ್ರಾಸನಿಯಮ. ಐದು ಸಾಲುಗಳಲ್ಲಿ ‘ತ’ಕಾರವಿದ್ದು ಆರನೆಯದನ್ನು ‘ಕ’ ಎಂದೋದಿದರೆ ಪದ್ಯವೇ ತಪ್ಪನ್ನು ತೋರಿಸಿಬಿಡುತ್ತದೆ. ಉತ್ಪಲಮಾಲೆ, ಚಂಪಕಮಾಲೆಗಳ ಪ್ರಾಸವನ್ನು ತೆಲುಗು ಪಾಠದಲ್ಲಿ ಕಲಿತಿದ್ದ ಅವಳಿಗೆ ಇದು ತಟ್ಟನೆ ತಿಳಿಯಿತು. ನನ್ನ ತಾಯಿಯವರಂತೂ ಪ್ರಾಸವೆಂಬ ಹೆಸರನ್ನರಿಯರು. “ಅಲ್ಲಿ ಕುಂಟಿತು, ಇನ್ನೊಮ್ಮೆ ಓದು” ಎನ್ನುತ್ತಿದ್ದರು. ಅವರು ಕುಂಟಿತೆಂದ ಕಡೆಯಲ್ಲೆಲ್ಲ ತಪ್ಪಿರುತ್ತಿತ್ತು. ನಾನೇ ಓದಿದಾಗಲೂ ಎರಡು ಬಾರಿ ಹಿಡಿದರು!

ಉಳಿದವರ ಓದನ್ನೂ ಹೇಳಬೇಕಲ್ಲವೆ? ನನ್ನ ಮಗ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಅರ್ಧಕ್ಕೆ ನಿಲ್ಲಿಸಿದ್ದಾನೆ. ಕೊಡಗಿನ ಅರಸೊತ್ತಿಗೆ ಅಳಿದ ಆ ಕಥೆ, 1565ರ ಯುದ್ಧದ ತರುವಾಯ ವಿಜಯನಗರದ ರಾಜಧಾನಿಯಾದ ಈ ಊರಿನವರಿಗೆ ಹಿಡಿಸೀತೆಂದು ನಾನೇ ಕೊಟ್ಟಿದ್ದೆ. ದುಃಖದ ಕಥೆಯನ್ನು ರಾತ್ರಿ ಮಲಗುವ ಮುನ್ನ ಓದಲಾಗದೆಂದು ಅವನ ದೂರು. ಸೊಸೆ ತ್ರಿವೇಣಿಯವರ ‘ಶರಪಂಜರ’ವನ್ನು ಮೂರು ದಿನದಲ್ಲಿ ಮುಗಿಸಿದಳು. ನಾನು ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರ ಲೇಖನಗಳನ್ನು ಹಿಡಿದೆ. ನಮ್ಮ ಅನಂತಪುರದ ಸೀಮೆಯಲ್ಲಿ 1893ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗನ್ನು ಬೋಧಿಸುತ್ತ ಕನ್ನಡದಲ್ಲಿಯೂ ಬರೆದ ಮಹನೀಯರವರು. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಅವರ ಹೆಸರೇ ತಿಳಿಯದಿರುವುದು ನನಗೆ ಸೋಜಿಗ.

ಮಾಸಾಂತ್ಯಕ್ಕೆ ಮೂರು ದಿನವಿರುವಾಗ, ದುಷ್ಟಬುದ್ಧಿಯು ತನ್ನ ಮಗ ಮದನನಿಗೆ ಬರೆದ ಓಲೆಯ ಪ್ರಸಂಗ ಬಂದಿತು. ಓಲೆಯನ್ನು ತಂದ ಚಂದ್ರಹಾಸನಿಗೆ ವಿಷವನ್ನೀಯಬೇಕೆಂದು ಅದರಲ್ಲಿತ್ತು. ಅವನು ಉಪವನದಲ್ಲಿ ಮಲಗಿರುವಾಗ ಮಂತ್ರಿಯ ಮಗಳು ವಿಷಯೆ ಅದನ್ನೋದಿ, ತಂದೆ ಕೈತಪ್ಪಿ ಬರೆದನೆಂದು ಬಗೆದು, ಅಕ್ಷರವನ್ನು ತಿದ್ದಿ ತನ್ನ ಹೆಸರನ್ನೇ ಮಾಡಿದಳು. ಕೊಲ್ಲಬೇಕಾಗಿದ್ದ ಓಲೆ ಮದುವೆಯ ಓಲೆಯಾಯಿತು.

ತಾಯಿಯವರು ಮರೆತಿದ್ದ ಭಾಗ ಇದೇ ಆಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗಿ ಏನು ತಿದ್ದಿದಳು? ನನಗೆ ಬರೆದು ತೋರಿಸು” ಎಂದರು. ಮೊಮ್ಮಗಳು ಹಲಗೆಯ ಮೇಲೆ ಸೀಮೆಸುಣ್ಣದಿಂದ ‘ವಿಷ’ ಎಂದೂ ಅದರ ಕೆಳಗೆ ‘ವಿಷಯೆ’ ಎಂದೂ ಬರೆದಳು. ಎರಡು ಲಿಪಿಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುವ ಅಕ್ಷರಗಳವು. ಅವಳ ಕೈ ತಡೆಯಲಿಲ್ಲ. “ಇನ್ನೂ ದೊಡ್ಡದಾಗಿ ಬರಿ” ಎಂದರು. ಹಲಗೆ ತುಂಬುವಂತೆ ಬರೆದಾಗ ಬೆರಳಿನಿಂದ ಆ ಕೊನೆಯ ಅಕ್ಷರದ ಸುತ್ತ ಗಾಳಿಯಲ್ಲಿ ಎರಡು ಸಲ ತಿದ್ದಿದರು.

ಅಮಾವಾಸ್ಯೆಗೆ ಚಂದ್ರಹಾಸನ ಕಥೆ ಮುಗಿಯಿತು. ಸುಧನ್ವನ ಕಾಳಗವನ್ನು ದಸರೆಯ ರಜೆಯಲ್ಲಿ ಓದುವುದೆಂದು ಗೊತ್ತಾಗಿದೆ. ಆ ಹಲಗೆಯನ್ನು ಯಾರೂ ಒರೆಸಕೂಡದೆಂದು ತಾಯಿಯವರ ಅಪ್ಪಣೆ. ಮೊಮ್ಮಗಳಿಗೆ ಬೇರೆ ಹಲಗೆ ತರಬೇಕಾಯಿತು.