ಕಿಸೆಯೊಳಗಿನ ಸಲಕರಣೆಗಳು: ಯಾವುದು ಯಾವ ಕೆಲಸಕ್ಕೆ?

 

ಗುರುಗಳು ಸನ್ನೆಗಳ ಪಾಠ ಮಾಡಿದ ಮೇಲೆ, ಮೂರೂ ವರ್ಗದ ಸನ್ನೆಗೆ ನಿಮ್ಮ ಮನೆಯೊಳಗಿನ ಉದಾಹರಣೆ ಬರಕೊಂಡು ಬರ್ರಿ ಅಂತ ಹೇಳಿದ್ದರು. ಬಹಳ ಮಂದಿ ತಕ್ಕಡಿ, ಕತ್ತರಿ, ಕೈಗಾಡಿ ಬರೆದರು. ನಾನು ಈ ಲೇಖನದಲ್ಲಿ ಕಿಸೆಯೊಳಗೆ ಹಿಡಿಯುವ ಸಲಕರಣೆಗಳನ್ನು ಮಾತ್ರ ತಗೊಂಡೀನಿ. ಯಾಕಂದರೆ ಜಾತ್ರಿ ಹತ್ತಿರ ಬಂದೈತಿ. ಹನ್ನೊಂದು ಅಲಗಿನ ಮಡಚುವ ಚಾಕು ಕೊಳ್ಳಬೇಕು ಅಂತ ನಮ್ಮ ವರ್ಗದಾಗ ನಾಲ್ಕೈದು ಮಂದಿ ರೊಕ್ಕ ಕೂಡಿಡಾಕ ಹತ್ಯಾರ. ರೊಕ್ಕ ಕೊಡೋ ಮೊದಲು ಇದನ್ನು ಓದಿರಿ ಅಂತ ನನ್ನ ವಿನಂತಿ.

ಪಾಠವನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಸನ್ನೆಯಲ್ಲಿ ಮೂರು ಜಾಗ ನೋಡಬೇಕು. ತಿರುಗುವ ಜಾಗ ಆನಿಕೆ, ನಾವು ಕೈ ಹಾಕಿ ಒತ್ತುವ ಜಾಗ ಬಲ, ಕೆಲಸ ಆಗುವ ಜಾಗ ಭಾರ. ಆನಿಕೆ ನಡುವೆ ಇದ್ದರೆ ಒಂದನೇ ವರ್ಗ. ಭಾರ ನಡುವೆ ಇದ್ದರೆ ಎರಡನೇ ವರ್ಗ. ಬಲ ನಡುವೆ ಇದ್ದರೆ ಮೂರನೇ ವರ್ಗ.

ನಮ್ಮ ಅಜ್ಜಂದಿರ ಗೊಂಚಲು

ಒಂದೇ ಕಡೆ ನಾಲ್ಕು ಸಲಕರಣೆ ಕೂಡಿಸುವುದು ಹೊರದೇಶದವರೇ ಕಂಡುಹಿಡಿದದ್ದು ಅಂತ ತಿಳಿಯಬೇಡಿರಿ. ಹೊಲಕ್ಕೆ ಹೋಗುವ ಹಿರಿಯರ ಉಡದಾರ ನೋಡಿರಿ. ಒಂದು ಸಣ್ಣ ಬಳೆಯಲ್ಲಿ ಮುಳ್ಳು ತೆಗಿಯೋ ಚಿಮಟಗಿ, ಚೂಪಾದ ಕಡ್ಡಿ, ಕಿವಿ ಗುಗ್ಗಿ ತೆಗಿಯೋ ಪುಟ್ಟ ಚಮಚೆ ಪೋಣಿಸಿರುತ್ತಾರೆ. ಜಾಲಿ ಮುಳ್ಳು ಚುಚ್ಚಿದಾಗ ಮೊದಲು ಕಡ್ಡಿಯಿಂದ ಚರ್ಮ ಬಿಡಿಸಬೇಕು, ಆಮೇಲೆ ಚಿಮಟಗಿಯಿಂದ ಹಿಡಿದು ಜಗ್ಗಬೇಕು. ಎರಡೂ ಒಂದೇ ಬಳೆಯಲ್ಲಿ ಇರೋದು ಅದಕ್ಕೇ.

ಚಿಮಟಗಿ ಮೂರನೇ ವರ್ಗದ ಸನ್ನೆ. ಹಿಂದೆ ಕೂಡಿದ ಜಾಗ ಆನಿಕೆ, ನಡುವೆ ಬೆರಳು, ತುದಿಗೆ ಮುಳ್ಳು. ಇದರಲ್ಲಿ ಬಲ ಹೆಚ್ಚಾಗುವುದಿಲ್ಲ, ಕಡಿಮೆಯೇ ಆಗುತ್ತದೆ. ನಾನು ಅಳೆದ ಚಿಮಟಗಿಯಲ್ಲಿ ಆನಿಕೆಯಿಂದ ಬೆರಳಿಗೆ 4 ಸೆಂ.ಮೀ., ತುದಿಗೆ 8 ಸೆಂ.ಮೀ. ಅಂದರೆ ನಾವು ಒತ್ತಿದ್ದರ ಅರ್ಧ ಮಾತ್ರ ಮುಳ್ಳಿಗೆ ಸಿಗುತ್ತದೆ. ಹಾಗಾದರೆ ಇದು ಕೆಟ್ಟ ಯಂತ್ರವೇ? ಅಲ್ಲ. ಮುಳ್ಳು ಹಿಡಿಯಲು ಬಲ ಬೇಡ, ನಾಜೂಕು ಬೇಕು. ಬಲ ಜಾಸ್ತಿಯಾದರೆ ಮುಳ್ಳು ಒಳಗೇ ಮುರೀತೈತಿ.

ಎಲಿ-ಅಡಿಕಿ ಚಂಚಿಯೊಳಗಿನ ಅಡಕತ್ತರಿ ಇದಕ್ಕೆ ಉಲ್ಟಾ. ತುದಿಯಲ್ಲಿ ಆನಿಕೆ, ನಡುವೆ ಅಡಿಕೆ, ಈಚೆ ಕೈ. ಎರಡನೇ ವರ್ಗ. ಆನಿಕೆಯಿಂದ ಅಡಿಕೆಗೆ 3 ಸೆಂ.ಮೀ., ಕೈಗೆ 15 ಸೆಂ.ಮೀ. ಇದ್ದರೆ 15 ಭಾಗಿಸು 3, ಐದು ಪಟ್ಟು ಬಲ. ಹಲ್ಲಿಲ್ಲದ ಆಯಿ ಕೂಡ ಗೋಟಡಿಕೆ ಕಟ್ ಅಂತ ಒಡೆಯೋದು ಈ ಐದು ಪಟ್ಟಿನಿಂದ.

ನೇಲ್ ಕಟರ್

ಎಲ್ಲರ ಮನೆಯಲ್ಲೂ ಇರುವ ಇದನ್ನು ಯಾರೂ ಯಂತ್ರ ಅಂತ ಎಣಿಸುವುದಿಲ್ಲ. ಆದರೆ ಇದರಲ್ಲಿ ಎರಡು ಸನ್ನೆ ಅದಾವ. ಮೇಲಿನ ಹಿಡಿಕೆ ಎರಡನೇ ವರ್ಗ. ಮೊಳೆ ಆನಿಕೆ, ಅದರ ಪಕ್ಕದ ಉಬ್ಬು ಒತ್ತುವ ಜಾಗ ಭಾರ, ತುದಿಯಲ್ಲಿ ನಮ್ಮ ಹೆಬ್ಬೆರಳು. ಕೆಳಗಿನ ಎರಡು ಪಟ್ಟಿ ಚಿಮಟಗಿಯ ಹಾಗೆ ಮೂರನೇ ವರ್ಗ. ಲೆಕ್ಕ ನೋಡಿರಿ:

ಹಿಡಿಕೆ: ಮೊಳೆಯಿಂದ ಬೆರಳಿಗೆ 4.5 ಸೆಂ.ಮೀ., ಮೊಳೆಯಿಂದ ಉಬ್ಬಿಗೆ 0.5 ಸೆಂ.ಮೀ. = 9 ಪಟ್ಟು.
ಪಟ್ಟಿ: ಹಿಂದಿನಿಂದ ಉಬ್ಬಿಗೆ 4.5 ಸೆಂ.ಮೀ., ಹಿಂದಿನಿಂದ ಉಗುರಿಗೆ 5 ಸೆಂ.ಮೀ. = 0.9 ಪಟ್ಟು.
ಎರಡೂ ಗುಣಿಸಿದರೆ 8.1.

ಘರ್ಷಣೆ ಮತ್ತು ಪಟ್ಟಿ ಬಾಗಿಸುವ ಬಲ ಬಿಟ್ಟು, ಸುಮಾರು ಎಂಟು ಪಟ್ಟು! ಅಡಕತ್ತರಿಗಿಂತ ಹೆಚ್ಚು, ಅದೂ ಬೆರಳುದ್ದದ ಸಾಮಾನಿನಲ್ಲಿ. ಇದರೊಳಗೆ ಮಡಚಿಟ್ಟ ಅರ ಮತ್ತು ಸಣ್ಣ ಚಾಕು ಬೇರೆ ಇರುತ್ತವೆ. ಆ ಚಾಕು ಮಾತ್ರ ಹೆಸರಿಗೆ ಚಾಕು. ಪೇರಲ ಹಣ್ಣಿಗೆ ಸಾಕು, ಸಣಬಿನ ಹಗ್ಗಕ್ಕೆ ಸೋಲತೈತಿ.

ಸ್ವಿಟ್ಜರ್‌ಲ್ಯಾಂಡಿನ ಚಾಕು, ಅಮೇರಿಕದ ಇಕ್ಕಳ

ಜಾತ್ರೆಯಲ್ಲಿ ಮಾರುವ ಕೆಂಪು ಹಿಡಿಕೆಯ ಚಾಕುಗಳು ಸ್ವಿಟ್ಜರ್‌ಲ್ಯಾಂಡ್ ಚಾಕುವಿನ ನಕಲು. ಅಸಲಿನ ಕಥೆ ಹೀಗಿದೆ. ಅಲ್ಲಿಯ ಸೈನ್ಯಕ್ಕೆ 1890ರ ಹೊತ್ತಿಗೆ ಒಂದು ಚಾಕು ಬೇಕಾಯಿತು. ಊಟದ ಡಬ್ಬಿ ತೆರೆಯಲು ಮತ್ತು ಹೊಸ ಬಂದೂಕಿನ ತಿರುಪು ಬಿಚ್ಚಲು. ಅದರಲ್ಲಿ ಇದ್ದದ್ದು ನಾಲ್ಕೇ: ಅಲಗು, ತೂತು ಕೊರೆಯುವ ದಬ್ಬಣ, ಡಬ್ಬಿ ತೆರೆಯೋದು, ಸ್ಕ್ರೂಡ್ರೈವರ್. ಮೊದಲ ಚಾಕುಗಳು ಜರ್ಮನಿಯಿಂದ ಬಂದವು. ಕಾರ್ಲ್ ಎಲ್ಸೆನರ್ ಎಂಬ ಚಾಕು ಮಾಡುವವರು 1891ರಲ್ಲಿ ತಮ್ಮ ದೇಶದಲ್ಲೇ ಮಾಡಿ ಕೊಟ್ಟರು. 1897ರಲ್ಲಿ ಇನ್ನೊಂದು ಸಣ್ಣ ಅಲಗು ಮತ್ತು ಬಿರಡೆ ತೆಗೆಯುವ ಸುರುಳಿ ಸೇರಿಸಿ ಅಧಿಕಾರಿಗಳ ಚಾಕು ಮಾಡಿದರು. ಅವರ ಕಂಪನಿಯ ಹೆಸರು ವಿಕ್ಟೋರಿನಾಕ್ಸ್. ವಿಕ್ಟೋರಿಯಾ ಎಂಬುದು ಅವರ ತಾಯಿಯ ಹೆಸರು, ಇನಾಕ್ಸ್ ಅಂದರೆ ತುಕ್ಕು ಹಿಡಿಯದ ಉಕ್ಕು. 2001ರ ಸೆಪ್ಟೆಂಬರ್ 11ರ ನಂತರ ವಿಮಾನದಲ್ಲಿ ಚಾಕು ಒಯ್ಯುವುದು ಬಂದ್ ಆಗಿ ಇವರ ಮಾರಾಟ ಬಹಳ ಬಿದ್ದಿತು. (ನಾವು ಬಸ್ಸಿನಾಗ ಹೋಗೋರು, ನಮಗೆ ಆ ಚಿಂತಿ ಇಲ್ಲ.)

ಅಮೇರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿ ಜೊತೆ ಹಳೇ ಕಾರಿನಲ್ಲಿ ಯೂರೋಪ್ ತಿರುಗಲು ಹೋಗಿದ್ದರು. ಕಾರು ಕೆಡುತ್ತಿತ್ತು, ಉಳಿದ ಕೋಣೆಯ ನಳ ಸೋರುತ್ತಿತ್ತು. ಕಿಸೆಯಲ್ಲಿ ಚಾಕು ಇತ್ತು, ಇಕ್ಕಳ ಇರಲಿಲ್ಲ. ಆಗ ಇಕ್ಕಳವೇ ಮಡಚಿಕೊಂಡು ಹಿಡಿಕೆಯೊಳಗೆ ಕೂರುವ ಸಲಕರಣೆ ಮಾಡಲು ಕುಂತರು. ಕಂಪನಿಗಳು ಬೇಡ ಅಂದವು. ಮಾರಾಟಕ್ಕೆ ಬಂದದ್ದು 1983ರಲ್ಲಿ. ಎಂಟು ವರ್ಷ!

ಇಕ್ಕಳ ಒಂದನೇ ವರ್ಗದ ಸನ್ನೆ. ಹಿಡಿಕೆ 9 ಸೆಂ.ಮೀ., ಬಾಯಿ 3 ಸೆಂ.ಮೀ. ಇದ್ದರೆ ಮೂರು ಪಟ್ಟು ಬಲ. ಸೈಕಲ್ಲಿನ ಬ್ರೇಕ್ ತಂತಿ ಜಗ್ಗಿ ಹಿಡಿಯಲು ಚಾಕು ಎಷ್ಟು ಅಲಗು ಇದ್ದರೂ ಉಪಯೋಗ ಇಲ್ಲ, ಇಕ್ಕಳವೇ ಬೇಕು. ನನ್ನ ಮಟ್ಟಿಗೆ ಚಾಕು ಮತ್ತು ಇಕ್ಕಳ ಎರಡರಲ್ಲಿ ಇಕ್ಕಳವೇ ಹೆಚ್ಚು.

ಮಗ್ಗದ ಪರೀಕ್ಷೆ

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ತೇರದಾಳ, ರಬಕವಿ, ಬನಹಟ್ಟಿಯಲ್ಲಿ ಎಷ್ಟೋ ಮನೆ ಮಗ್ಗದ ಮೇಲೆ ನಡೆಯುತ್ತವೆ. ಪಾವರ್‌ಲೂಮಿನಲ್ಲಿ ಹಾಸಿನ ಒಂದು ಎಳೆ ಹರಿದರೆ ಮಗ್ಗ ನಿಲ್ಲಿಸಬೇಕು. ಹರಿದ ತುದಿ ಹುಡುಕಬೇಕು, ತುಂಡು ನೂಲು ಗಂಟು ಹಾಕಬೇಕು, ಅದನ್ನು ಕಣ್ಣಿನಿಂದ ಹಾಯಿಸಿ ಹಣಿಗೆಯ ಸಂದಿಯಿಂದ ಈಚೆ ಎಳೆಯಬೇಕು. ಗಂಟಿನ ಬಾಲ ಉದ್ದ ಬಿಟ್ಟರೆ ಪಕ್ಕದ ಎಳೆಗೆ ಸುತ್ತಿ ಅದೂ ಹರಿಯುತ್ತದೆ. ಅದಕ್ಕೆ ಗಿಡ್ಡ ಕತ್ತರಿಸಬೇಕು. ಕೂಲಿ ಸೀರಿ ಲೆಕ್ಕದಾಗ. ಮಗ್ಗ ನಿಂತಷ್ಟು ಹೊತ್ತು ಗಳಿಕೆಯೂ ನಿಂತಂತೆ.

ಈ ಕೆಲಸಕ್ಕೆ ಯಾವ ಸಲಕರಣೆ ಬೇಕು? ಹಣಿಗೆಯಲ್ಲಿ ಇಂಚಿಗೆ 40 ಸಂದಿ ಇದ್ದವು ಅಂತ ಇಟ್ಟುಕೊಳ್ಳಿರಿ. ಒಂದು ಇಂಚು 25.4 ಮಿ.ಮೀ. ಅದನ್ನು 40ರಿಂದ ಭಾಗಿಸಿದರೆ 0.635 ಮಿ.ಮೀ. ಅದರಲ್ಲೂ ಒಂದಿಷ್ಟು ಹಣಿಗೆಯ ಹಲ್ಲಿಗೇ ಹೋಗುತ್ತದೆ, ಉಳಿದದ್ದು ಸಂದಿ. ಕಿಸೆ ಚಾಕುವಿನ ಅಲಗಿನ ಬೆನ್ನು ಸುಮಾರು 2 ಮಿ.ಮೀ. ದಪ್ಪ. ಇಕ್ಕಳದ ಮೂಗು ಅದಕ್ಕಿಂತ ದಪ್ಪ. ಹನ್ನೊಂದು ಅಲಗು ಇರಲಿ, ಇಪ್ಪತ್ತು ಇರಲಿ, ಒಂದೂ ಒಳಗೆ ಹೋಗುವುದಿಲ್ಲ. ನೇಕಾರರ ಕಿಸೆಯಲ್ಲಿರುವ ತೆಳ್ಳನೆ ಪಟ್ಟಿಯ ಕೊಕ್ಕೆ ಹೋಗುತ್ತದೆ. ಅದರ ಜೊತೆ ಎಳೆ ಕತ್ತರಿಸುವ ಪುಟ್ಟ ಕತ್ತರಿ. ಇದಕ್ಕೆ ನಡುವೆ ಮೊಳೆ ಇಲ್ಲ, ಒಂದೇ ಉಕ್ಕಿನ ಪಟ್ಟಿ ಬಗ್ಗಿಸಿ ಮಾಡಿದ್ದು. ಅಂಗೈಯಲ್ಲಿ ಹಿಡಿದು ಒತ್ತಿದರೆ ಕತ್ತರಿಸುತ್ತದೆ, ಬಿಟ್ಟರೆ ತಾನೇ ತೆರೆಯುತ್ತದೆ. ಚಿಮಟಗಿಯಂತೆ ಮೂರನೇ ವರ್ಗ. ನೂಲಿಗೆ ಬಲ ಬೇಡ, ಬೇಗ ಆಗಬೇಕು.

ನಮ್ಮ ಕಾಕಾ ತಮ್ಮ ಕೊಕ್ಕೆಯನ್ನು ತಾವೇ ಮಾಡಿಕೊಂಡಾರ. ಹಳೇ ಅಲಾರ್ಮ್ ಗಡಿಯಾರದ ಸ್ಪ್ರಿಂಗ್ ಪಟ್ಟಿ ಒಂದು ಗೇಣು ಮುರಿದು, ತುದಿಗೆ ಸಣ್ಣ ಅರದಿಂದ ಓರೆಯಾಗಿ ಒಂದು ಗೀರು ಕೊರೆದು, ಅಂಚುಗಳನ್ನು ಸಾಣೆಕಲ್ಲಿನ ಮೇಲೆ ನುಣ್ಣಗೆ ಮಾಡಿದರು. ಅಂಚು ಒರಟು ಉಳಿದರೆ ಪಕ್ಕದ ಎಳೆ ಹರಿಯುತ್ತದೆ. ಹಿಡಿಯುವ ಕಡೆ ನೂಲು ಬಿಗಿಯಾಗಿ ಸುತ್ತಿದ್ದಾರೆ. "ಕಾಕಾ, ಇದನ್ನೂ ಉಡದಾರಕ್ಕೆ ಕಟ್ಟಬಾರದೇನ್ರಿ?" ಅಂತ ಕೇಳಿದೆ. "ಮಗ್ಗದ ಹತ್ತಿರ ಜೋತಾಡೋ ಸಾಮಾನು ಇರಬಾರದಪಾ. ಪಟ್ಟಾದಾಗ ಸಿಕ್ಕರ ಮನಿಶ್ಯಾನ್ನ ಎಳಕೊಂಡು ಹೋಗತೈತಿ" ಅಂದರು. ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಓಡುತ್ತದೆ. ಆದ್ದರಿಂದ ಕೊಕ್ಕೆ ಕಿಸೆಯಲ್ಲಿ, ಅದೂ ಮಗ್ಗ ನಿಂತ ಮೇಲೆಯೇ ಹೊರಗೆ.

ತಿದ್ದಿಕೊಳ್ಳುವುದು ಹೇಗೆ

ಇದ್ದ ಸಲಕರಣೆಯನ್ನು ನಮ್ಮ ಕೆಲಸಕ್ಕೆ ತಕ್ಕಂತೆ ತಿದ್ದಬಹುದು. ಹಿರಿಯರನ್ನು ಜೊತೆಗೆ ಕೂಡಿಸಿಕೊಂಡೇ ಮಾಡಿರಿ.

ಚಿಮಟಗಿಯ ತುದಿಗಳು ಕೂಡದಿದ್ದರೆ ಎರಡರ ನಡುವೆ ನುಣ್ಣನೆ ಪಾಲಿಶ್ ಕಾಗದ ಇಟ್ಟು, ಮೆಲ್ಲಗೆ ಒತ್ತಿ ಕಾಗದ ಜಗ್ಗಿರಿ. ಕಾಗದ ತಿರುವಿ ಹಾಕಿ ಇನ್ನೊಂದು ಕಡೆಯೂ ಹಾಗೇ. ಬೆಳಕಿಗೆ ಹಿಡಿದಾಗ ಸಂದಿ ಕಾಣಬಾರದು. ನೇಲ್ ಕಟರಿನ ಒಳಗಿನ ಅರದ ತುದಿ ಚೂಪಾಗಿರುತ್ತದೆ. ಅದನ್ನು ಸಾಣೆಕಲ್ಲಿಗೆ ನೇರ ತಿಕ್ಕಿ ಚಪ್ಪಟೆ ಮಾಡಿದರೆ ಕನ್ನಡಕದ ತಿರುಪಿಗೆ, ಬ್ಯಾಟರಿಯ ತಿರುಪಿಗೆ ಸ್ಕ್ರೂಡ್ರೈವರ್ ಆಗುತ್ತದೆ. ನಮ್ಮ ಆಯಿಯ ಕನ್ನಡಕದ ಕಾಲು ಎರಡು ಸಲ ಹೀಗೇ ಗಟ್ಟಿ ಮಾಡೇವಿ.

ಚಾಕುವನ್ನು ಓಡುವ ಸಾಣೆಗೆ ಹಿಡಿಸುವಾಗ ಬಣ್ಣದ ಮೇಲೆ ಲಕ್ಷ್ಯ ಇರಲಿ. ಸಾದಾ ಉಕ್ಕು ಕಾದಾಗ ಸುಮಾರು 220 ಡಿಗ್ರಿಗೆ ಒಣ ಹುಲ್ಲಿನ ಬಣ್ಣ ಬರುತ್ತದೆ, 300 ಡಿಗ್ರಿ ಹತ್ತಿರ ನೀಲಿ. ನೀಲಿ ಬಂತು ಅಂದರೆ ಅಷ್ಟು ಜಾಗದ ಗಡಸುತನ ಇಳಿಯಿತು, ಎಷ್ಟು ಮಸೆದರೂ ಹರಿತ ನಿಲ್ಲದು. ಅದಕ್ಕೇ ಕಮ್ಮಾರರು ಮೇಲಿಂದ ಮೇಲೆ ನೀರಿನಲ್ಲಿ ಅದ್ದುವುದು. ಕೈಯಿಂದ ನೀರು ಹಾಕಿ ಕಲ್ಲಿಗೆ ಮಸೆದರೆ ಈ ಭಯವೇ ಇಲ್ಲ.

ಕೊಳ್ಳುವವರಿಗೆ

ಜಾತ್ರೆಯಲ್ಲಿ ಅಲಗು ಎಣಿಸಬೇಡಿರಿ. ದೊಡ್ಡ ಅಲಗು ತೆರೆದು ಆಚೆ ಈಚೆ ಅಲುಗಾಡಿಸಿ ನೋಡಿರಿ. ಅಲುಗಿದರೆ ಬಿಟ್ಟುಬಿಡಿರಿ. ಇಂಥ ಬಹಳ ಚಾಕುಗಳಿಗೆ ಲಾಕ್ ಇರುವುದಿಲ್ಲ, ಬೆನ್ನಿನ ಸ್ಪ್ರಿಂಗ್ ಒಂದೇ ಅಲಗನ್ನು ತೆರೆದು ನಿಲ್ಲಿಸುತ್ತದೆ. ಸ್ಪ್ರಿಂಗ್ ಸಡಿಲ ಇದ್ದು ನೀವು ಏನನ್ನಾದರೂ ಚುಚ್ಚಲು ಹೋದರೆ ಅಲಗು ಹಿಂದಕ್ಕೆ ಮಡಚಿ ಬೆರಳಿಗೇ ಬರುತ್ತದೆ. ಯಾವ ಕಿಸೆ ಚಾಕುವಿನಿಂದಲೂ ಚುಚ್ಚಬಾರದು, ಕೊಯ್ಯಬೇಕು ಅಷ್ಟೇ.

ಅಯಸ್ಕಾಂತ ಹಿಡಿದರೆ ಅದು ಒಳ್ಳೇ ಸ್ಟೀಲ್ ಅಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಊಟದ ತಾಟಿಗೆ ಹೇಳುವ ಮಾತು. ಚಾಕುವಿನ ತುಕ್ಕು ಹಿಡಿಯದ ಉಕ್ಕು ಗಡಸು ಜಾತಿಯದು, ಅದನ್ನು ಅಯಸ್ಕಾಂತ ಎಳೆಯುತ್ತದೆ. ಅದಕ್ಕಿಂತ ಅರದ ಪರೀಕ್ಷೆ ಒಳ್ಳೆಯದು. ಅಲಗಿನ ಹಿಂಬದಿಗೆ ಅರ ಎಳೆದಾಗ ಜಾರಿದರೆ ಗಡಸು, ಕಚ್ಚಿ ಪುಡಿ ಬಿದ್ದರೆ ಮೆತ್ತಗಿನ ಕಬ್ಬಿಣ. ಅಂಗಡಿಯವರು ಅರ ಎಳೆಯಲು ಬಿಡುವುದಿಲ್ಲ, ಅದು ಬೇರೆ ಮಾತು. ಹಾಗಿದ್ದರೆ ಇಕ್ಕಳ ಇರುವುದನ್ನು ತೆಗೆದು, ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ತುದಿ ಕೂಡದೆ ಸಂದಿ ಕಂಡರೆ ತಂತಿ ಹಿಡಿಯದು.

ಒಂದು ಮಾತು ಗುರುಗಳ ಪರವಾಗಿ: ಚಾಕು ಶಾಲೆಗೆ ತರಬಾರದು. ಚಿಮಟಗಿ ಮತ್ತು ನೇಲ್ ಕಟರ್ ನಮ್ಮ ವರ್ಗದ ಪ್ರಥಮ ಚಿಕಿತ್ಸೆ ಡಬ್ಬಿಯಲ್ಲಿ ಇಡಲು ಗುರುಗಳು ಒಪ್ಪಿದ್ದಾರೆ. ತುದಿ ಕೂಡುವ ಚಿಮಟಗಿ ಯಾರ ಮನೆಯಲ್ಲಾದರೂ ಹೆಚ್ಚಿಗೆ ಇದ್ದರೆ ತರ್ರಿ. ಬಳಸುವ ಮೊದಲು ಮತ್ತು ಆಮೇಲೆ ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ಒರೆಸಿ ಇಡುವ ಪಾಳಿ ಈ ತಿಂಗಳು ನನ್ನದು.

– 7ನೇ ತರಗತಿ ವಿದ್ಯಾರ್ಥಿ