ಮುಳ್ಳು ಸುಳ್ಳು ಹೇಳಿದಾಗ

ಕ್ಯಾಸಂಬಳ್ಳಿಯಲ್ಲಿ ನನ್ನದು ಆಟೊ ಎಲೆಕ್ಟ್ರಿಕಲ್ ಕೆಲಸ. ಹಳೇ ಕಾರುಗಳೆಂದರೆ ಹೆಚ್ಚಾಗಿ ಅಂಬಾಸಿಡರ್, ಪದ್ಮಿನಿ. ಅಪರೂಪಕ್ಕೊಂದು ಮೋರಿಸ್ ಮೈನರ್. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಶೆಡ್ಡುಗಳಲ್ಲೇ ತುಕ್ಕು ಹಿಡಿದು ನಿಂತಿದ್ದವೂ ಬರುತ್ತವೆ. "ಮೀಟರ್ ಹೋಗಿದೆ ಅಣ್ಣ, ಬೇರೆ ಹಾಕಿಬಿಡಿ" ಅನ್ನುತ್ತಾರೆ. ಮೀಟರೇ ಹೋಗಿರುವುದು ಕಮ್ಮಿ.

1. ಬ್ಯಾಟರಿ ಬಿಚ್ಚದೆ ಡ್ಯಾಶ್‌ಬೋರ್ಡಿಗೆ ಕೈ ಹಾಕಬೇಡಿ. ಆಮ್‌ಮೀಟರಿನ ದಪ್ಪ ವೈರಿಗೆ ಎಷ್ಟೋ ಹಳೇ ಗಾಡಿಗಳಲ್ಲಿ ಫ್ಯೂಸೇ ಇರುವುದಿಲ್ಲ. ಸ್ಪ್ಯಾನರ್ ಬಾಡಿಗೆ ತಾಗಿದರೆ ವೈರಿಂಗ್ ಸುಟ್ಟುಹೋಗುತ್ತದೆ.

2. ತಪ್ಪು ತೋರಿಸುತ್ತಿರುವುದು ಒಂದು ಮುಳ್ಳೋ, ಎರಡೋ? 1960ರ ದಶಕದ ಈಚಿನ ಬ್ರಿಟಿಷ್ ಮಾದರಿಯ ಬಹಳಷ್ಟು ಗಾಡಿಗಳಲ್ಲಿ ಪೆಟ್ರೋಲ್ ಮೀಟರಿಗೂ ಟೆಂಪರೇಚರ್ ಮೀಟರಿಗೂ ಸೇರಿ ಒಂದೇ ವೋಲ್ಟೇಜ್ ಸ್ಟೆಬಿಲೈಜರ್. ಸಣ್ಣ ತಗಡಿನ ಡಬ್ಬಿ ಅಷ್ಟೇ. ಒಳಗಿನ ಪಟ್ಟಿ ಬಿಸಿಯಾದರೆ ಬಾಗಿ ಕರೆಂಟ್ ಕಡಿಯುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಹೀಗೆ ಮೀಟರಿಗೆ ಸರಾಸರಿ 10 ವೋಲ್ಟ್ ಸಿಗುತ್ತದೆ. ಡಬ್ಬಿಯ ಅರ್ಥ್ ಹೋಯಿತೋ, ಪಟ್ಟಿ ಬಿಸಿಯಾಗುವುದಿಲ್ಲ, ಬ್ಯಾಟರಿಯ ಪೂರ್ತಿ ವೋಲ್ಟ್ ಒಳಗೆ ನುಗ್ಗುತ್ತದೆ. ಆಗ ಇರುವುದಕ್ಕಿಂತ ಜಾಸ್ತಿ ಪೆಟ್ರೋಲ್ ಕಾಣುತ್ತದೆ, ತಣ್ಣಗಿರುವ ಇಂಜಿನ್ ಕಾದಂತೆ ತೋರುತ್ತದೆ. ಇದನ್ನು ನಂಬಿ ರೇಡಿಯೇಟರ್ ಬಿಚ್ಚಿಸಿ ದುಡ್ಡು ಕಳೆದುಕೊಂಡವರಿದ್ದಾರೆ. ಡಬ್ಬಿ ಕೂತ ಜಾಗದ ತುಕ್ಕು, ಪೇಂಟ್ ಎರಡನ್ನೂ ಉಪ್ಪುಕಾಗದದಲ್ಲಿ ಉಜ್ಜಿ ಸ್ಕ್ರೂ ಬಿಗಿ ಮಾಡಿ. ಆಮೇಲೆ ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿ, ಡಬ್ಬಿಯಿಂದ ಹೊರಬರುವ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದಾಗ ಮಿಣಮಿಣ ಅಂದರೆ ಡಬ್ಬಿ ಸರಿಯಿದೆ. ಡಿಜಿಟಲ್ ಮೀಟರ್ ಹಿಡಿಯಬೇಡಿ, ಅಂಕಿ ಕುಣಿದು ತಲೆ ಕೆಡುತ್ತದೆ.

1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಸೀಮೆ ಇದು. ಗಣಿಯಲ್ಲಿ ವೈರಿಂಗ್ ಮಾಡಿದ ಹಿರಿಯರು ಏನು ಕೆಟ್ಟರೂ ಮೊದಲು ಅರ್ಥಿಂಗ್ ನೋಡುತ್ತಾರೆ. ಕಾರಿಗೂ ಅದೇ ಕ್ರಮ.

3. ಪೆಟ್ರೋಲ್ ಮುಳ್ಳು ಮಾತ್ರ ತಪ್ಪಿದ್ದರೆ ಟ್ಯಾಂಕಿನ ಕಡೆ ಹೋಗಿ. ಕೀ ತಿರುಗಿಸಿದಾಗ ಮುಳ್ಳು ನಿಧಾನಕ್ಕೆ ಏರಿದರೆ ಅದು ಬಿಸಿಯಿಂದ ನಡೆಯುವ ಮೀಟರ್. ಅದರಲ್ಲಿ ಟ್ಯಾಂಕ್ ಯೂನಿಟ್ಟಿನ ವೈರ್ ಬಿಚ್ಚಿಟ್ಟರೆ ಮುಳ್ಳು ಖಾಲಿಗೆ ಇಳಿಯಬೇಕು, ಅದೇ ವೈರನ್ನು ಬಾಡಿಗೆ ತಾಗಿಸಿದರೆ ಫುಲ್ಲಿಗೆ ಏರಬೇಕು. ಟಕ್ಕನೆ ಹಾರುವ ಹಳೇ ಸ್ಮಿತ್ಸ್ ಕಾಯಿಲ್ ಮೀಟರಿನಲ್ಲಿ ಇದು ಪೂರಾ ಉಲ್ಟಾ. ಗೊತ್ತಿಲ್ಲದವರು ಒಳ್ಳೇ ಮೀಟರನ್ನೇ ಗುಜರಿಗೆ ಹಾಕುತ್ತಾರೆ. ಕೀ ಆಫ್ ಇದ್ದಾಗಲೇ ವೈರ್ ಬಿಚ್ಚಿ, ಜೋಡಿಸಿ, ಆಮೇಲೆ ಆನ್ ಮಾಡಿ. ಟ್ಯಾಂಕಿನ ಪಕ್ಕ ಕಿಡಿ ಹಾರಬಾರದು. ಮುಳ್ಳು ಫುಲ್ ಮುಟ್ಟಿದ ತಕ್ಷಣ ಆಫ್. ಇಷ್ಟಕ್ಕೆ ಮುಳ್ಳು ಸರಿಯಾಗಿ ಆಡಿದರೆ ಮೀಟರ್, ವೈರ್ ಎರಡೂ ಚೆನ್ನಾಗಿವೆ; ಯೂನಿಟ್ಟಿನ ಅರ್ಥ್ ನೋಡಿ, ಇಲ್ಲವೇ ಹಿತ್ತಾಳೆ ಫ್ಲೋಟ್ ತೂತಾಗಿ ಪೆಟ್ರೋಲ್ ಕುಡಿದು ಮುಳುಗಿರುತ್ತದೆ.

4. ಮೋರಿಸ್ ಮೈನರಿನಂಥ ಗಾಡಿಯಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗಿರುತ್ತದೆ. ಯಾರೋ ತಪ್ಪು ಮಾಡಿದ್ದಾರೆಂದು ತಿರುಗಿಸಿ ಕಟ್ಟಬೇಡಿ.

5. ಬಂಗಾರಪೇಟೆ ಟ್ರಾಫಿಕ್ಕಿನಲ್ಲಿ ಲೈಟ್ ಹಾಕಿಕೊಂಡು ನಿಂತಾಗ ಆಮ್‌ಮೀಟರ್ ಮುಳ್ಳು ಮೈನಸ್‌ಗೆ ವಾಲಿದರೆ ಗಾಬರಿ ಬೇಡ. ಡೈನಮೊ ಸ್ಲೋ ಓಟದಲ್ಲಿ ಚಾರ್ಜ್ ಕೊಡುವುದಿಲ್ಲ. ಸ್ಪೀಡಿಗೆ ಹೋದಾಗಲೂ ಮೈನಸ್ಸಿನಲ್ಲೇ ಇದ್ದರೆ ಮಾತ್ರ ಬನ್ನಿ. ಲ್ಯೂಕಾಸ್ ಸಿ40 ಡೈನಮೊ ಕೊಡುವುದೇ 22 ಆಂಪಿಯರ್, ಅದಕ್ಕೆ 30ರ ಆಮ್‌ಮೀಟರ್ ಸಾಕು. ದೊಡ್ಡ ಆಲ್ಟರ್ನೇಟರ್ ಕೂರಿಸಿ ಹಳೇ ಆಮ್‌ಮೀಟರ್ ಉಳಿಸಿಕೊಂಡರೆ ಒಂದಲ್ಲ ಒಂದು ದಿನ ಡ್ಯಾಶ್‌ಬೋರ್ಡಿನಿಂದ ಹೊಗೆ ಬರುತ್ತದೆ. ಅಂಥ ಗಾಡಿಗೆ ನಾನು ವೋಲ್ಟ್‌ಮೀಟರ್ ಹಾಕಿಕೊಡುತ್ತೇನೆ: ಇಂಜಿನ್ ನಿಂತಾಗ 12.6, ಓಡುವಾಗ 14ರ ಆಸುಪಾಸು.