ಮೀನಿಗೆ ಸೊಪ್ಪಿನ ರಕ್ಷೆ

ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನೂ, ನಿಂಬೆಯ ರಸವು ಆ ಕಪ್ಪನ್ನು ತಡೆಯುವುದನ್ನೂ ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಅಡಿಗೆಮನೆಯಲ್ಲಿ ಕಂಡವರೇ. ಆಮ್ಲಜನಕವು ಜೀವಕ್ಕೆ ಆಧಾರವಾದರೂ ಕೆಡಿಸುವ ಗುಣವೂ ಅದಕ್ಕುಂಟು. ನಾವು ಹೇಳಹೊರಟ ವಿಷಯವೂ ಇದೇ ಜಾತಿಯದು.

ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ತೊಗರಿಯು ಮುಖ್ಯ ಪೈರಷ್ಟೆ. ಕಾಯಿ ಕೊರೆಯುವ ಕೀಡೆಗೆ ಸಿಂಪಡಿಸಿದ ಔಷಧದ ಒಂದಂಶವು ಮಳೆನೀರಿನೊಡನೆ ಹಳ್ಳಕ್ಕಿಳಿದು, ಮಳಖೇಡದ ಬಳಿ ಹರಿಯುವ ಕಾಗಿಣಾ ನದಿಯನ್ನು ಸೇರಬಲ್ಲುದು. ಮೀನಿನ ಕಿವಿರುಗಳ ಮೂಲಕ ಆ ವಿಷವು ರಕ್ತಕ್ಕೂ, ಅಲ್ಲಿಂದ ಯಕೃತ್ತಿಗೂ ಹೋಗುತ್ತದೆ. ಯಕೃತ್ತು ಅದನ್ನು ಒಡೆಯಲು ಹೆಣಗುವಾಗ ಆಮ್ಲಜನಕದ ಉಗ್ರಕಣಗಳು ಹುಟ್ಟಿ, ಜೀವಕೋಶಗಳ ಕೊಬ್ಬಿನ ಪೊರೆಯನ್ನು ಹಾಳುಮಾಡುತ್ತವೆ.

ಗಿಡದ ಎಲೆಯಲ್ಲಿಯೂ ಬಿಸಿಲಿನಿಂದ ಇಂಥ ಕಣಗಳು ಹುಟ್ಟುವುದುಂಟು. ಆದಕಾರಣ ಅವನ್ನು ತಣಿಸುವ ಪದಾರ್ಥಗಳನ್ನು ಗಿಡವು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ನುಗ್ಗೆಸೊಪ್ಪು, ನೆಲ್ಲಿಕಾಯಿಗಳಲ್ಲಿ ಇವು ಹೇರಳ. 1928ರಲ್ಲಿ ಹಂಗೇರಿಯ ಸೆಂಟ್-ಗ್ಯೋರ್ಗಿಯವರು ಬೇರ್ಪಡಿಸಿದ ಸಿ ಜೀವಸತ್ವವು ಇವುಗಳಲ್ಲೊಂದು. ಮನುಷ್ಯರಂತೆಯೇ ರೋಹು ಮೀನೂ ಅದನ್ನು ತನ್ನ ಮೈಯಲ್ಲಿ ಮಾಡಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಇಂಥ ಸೊಪ್ಪಿನ ಸತ್ವ ಬೆರೆಸಿದ ಮೇವನ್ನು ತೊಟ್ಟಿಯ ಮೀನುಗಳಿಗೆ ತಿನ್ನಿಸಿ, ವಿಷದ ಹಾನಿ ತಗ್ಗಿದುದನ್ನು ಪ್ರಯೋಗಕಾರರು ಕಂಡಿರುವರು.

ತೊಟ್ಟಿಯ ಮೀನಿಗಾದರೋ ಮೇವಿಡುವವರುಂಟು. ಕಾಗಿಣೆಯ ಮೀನಿಗೆ ಯಾರು ಇಡುವರು? ಸಿಂಪಡಿಸಿದ ಪಂಪನ್ನು ಹಳ್ಳದಲ್ಲಿ ತೊಳೆಯಬಾರದೆಂದು ಮನೆಯ ಗಂಡಸರಿಗೆ ಹೇಳಲು ಹೆಣ್ಣುಮಕ್ಕಳು ಸಂಕೋಚಪಡಬೇಕಾಗಿಲ್ಲ. ಮೀನುಗಳಿಗೆ ಬಹು ಘೋರವಾದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆಯಿತು, ನಿಜ. ಆದರೆ ಸೈಪರ್‌ಮೆಥ್ರಿನ್ನಿನಂಥವು ಇಂದಿಗೂ ಬಳಕೆಯಲ್ಲಿವೆ. ಪಂಪು ತೊಳೆದ ನೀರಿನಲ್ಲಿ ಉಳಿದಷ್ಟೇ ಒಂದು ಚಿಕ್ಕ ಮಡುವಿನ ಮೀನುಗಳಿಗೆ ಸಾಕು.